ಕಾಣದ ಅಕಾರದ ಹುಡುಕಾಟ: ಯಮಕನಮರಡಿ ಮತ್ತು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಚರಿತ್ರೆ

ಸಾರಾಂಶ

ಟೆಕ್ಸ್ಟ್ ಎಡಿಟರಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಮುಂದೆ ‘ರೆಗೆಕ್ಸ್’) ಬಳಸಿ ಪಠ್ಯವನ್ನು ಶೋಧಿಸುವುದು ಇಂದು ಭಾಷಾಸಂಶೋಧಕರ ದಿನನಿತ್ಯದ ಕೆಲಸವಾಗಿದೆ. ಈ ಶೋಧವು ಯಾವುದನ್ನು ‘ಒಂದು ಅಕ್ಷರ’ ಎಂದು ಎಣಿಸುತ್ತದೆ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಬೇರೆ ಬೇರೆ ಕಾಲಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ವ್ಯಾಕರಣ, ಫಾಂಟು ಮತ್ತು ಯೂನಿಕೋಡ್ ಈ ಮೂರೂ ವ್ಯಂಜನದೊಳಗಿನ ಅಕಾರವನ್ನು ಮೂರು ರೀತಿಯಲ್ಲಿ ದಾಖಲಿಸಿದ ಚರಿತ್ರೆಯನ್ನು ಈ ಲೇಖನವು ಬೆಳಗಾವಿ ಜಿಲ್ಲೆಯ ಸ್ಥಳನಾಮಗಳ ಉದಾಹರಣೆಯೊಂದಿಗೆ ನಿರೂಪಿಸುತ್ತದೆ. ಪಠ್ಯದ ಸಂಕೇತೀಕರಣವನ್ನು ಪರಿಶೀಲಿಸದೆ ಮಾಡಿದ ಶೋಧದ ‘ಶೂನ್ಯ ಫಲಿತಾಂಶ’ವನ್ನು ಭಾಷಿಕ ಅಭಾವಕ್ಕೆ ಸಾಕ್ಷ್ಯವೆಂದು ಸ್ವೀಕರಿಸಲಾಗದು ಎಂಬುದು ನಮ್ಮ ಪ್ರತಿಪಾದನೆ.

ಪ್ರಮುಖ ಪದಗಳು: ರೆಗೆಕ್ಸ್, ಸ್ಥಳನಾಮ, ಅಂತರ್ಗತ ಸ್ವರ, ಯೂನಿಕೋಡ್, ಅಭಾವ ಸಾಕ್ಷ್ಯ

1. ಪೀಠಿಕೆ

ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗುವವರಿಗೆ ಹುಕ್ಕೇರಿ ತಾಲೂಕಿನ ಯಮಕನಮರಡಿ ಎದುರಾಗುತ್ತದೆ. ಹೆಸರಿನ ಉತ್ತರಪದವಾದ ‘ಮರಡಿ’ಗೆ ಚಿಕ್ಕ ಗುಡ್ಡ, ದಿಬ್ಬ ಎಂಬ ಅರ್ಥವಿದೆ, ‘ಮೊರಡಿ’ ಅದರ ಇನ್ನೊಂದು ರೂಪ. ಗೋಕಾಕದ ಬಳಿಯ ಮರಡಿಮಠದಲ್ಲಿ ಇದೇ ಪದ ಪೂರ್ವಪದವಾಗಿ ನಿಂತಿದೆ. ಅದೇ ಸೀಮೆಯ ಪಾಮಲದಿನ್ನಿ, ಮಾಲದಿನ್ನಿಗಳಲ್ಲಿ ದಿಬ್ಬವನ್ನೇ ಸೂಚಿಸುವ ‘ದಿನ್ನಿ’ ಇದೆ. ಒಂದೇ ಭೂಲಕ್ಷಣಕ್ಕೆ ಎರಡು ಪದಗಳು ಎಲ್ಲೆಲ್ಲಿ ಹರಡಿವೆ, ಅವುಗಳ ನಡುವೆ ಗೆರೆ ಎಳೆಯಲು ಸಾಧ್ಯವೇ ಎಂಬುದು ಉಪಭಾಷಾ ಅಧ್ಯಯನಕ್ಕೆ ಸಹಜವಾದ ಪ್ರಶ್ನೆ. ಊರ ಹೆಸರುಗಳ ಪಟ್ಟಿಯೊಂದು ಕೈಯಲ್ಲಿದ್ದರೆ ಇಂದಿನ ಸಂಶೋಧನಾರ್ಥಿ ಅದನ್ನು ಎಡಿಟರಿನಲ್ಲಿ ತೆರೆದು, ರೆಗೆಕ್ಸ್ ಆಯ್ಕೆಯನ್ನು ಒತ್ತಿ, ಮರಡಿ$ ಎಂದು ಬರೆಯುತ್ತಾನೆ. ಡಾಲರ್ ಚಿಹ್ನೆ ಸಾಲಿನ ಅಂತ್ಯವನ್ನು ಸೂಚಿಸುವುದರಿಂದ ಮರಡಿಮಠ ಹೊರಗುಳಿದು ಯಮಕನಮರಡಿ ಸಿಗಬೇಕು.

ಅದು ಸಿಗದೆಯೂ ಹೋಗಬಹುದು. ಪಟ್ಟಿಯಲ್ಲಿ ಊರಿನ ಹೆಸರು ಕಣ್ಣಿಗೆ ಕಾಣುತ್ತಿದ್ದರೂ ‘ಫಲಿತಾಂಶ ಇಲ್ಲ’ ಎಂಬ ಉತ್ತರ ಬರಬಹುದು. ಅದಕ್ಕೂ ಹೆಚ್ಚು ಅಪಾಯಕರವಾದುದು ಸ್ವಲ್ಪ ಭಾಗ ಮಾತ್ರ ಸಿಗುವುದು. ಏಕೆಂದರೆ ಆಗ ಸಂಶೋಧಕನಿಗೆ ಅನುಮಾನವೇ ಹುಟ್ಟುವುದಿಲ್ಲ. ಇದನ್ನು ತಾಂತ್ರಿಕ ತೊಡಕೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆ ಲಿಪಿ ಮತ್ತು ಧ್ವನಿಗಳ ಸಂಬಂಧದ ಕುರಿತ ಹಳೆಯ ವಿಚಾರವೊಂದು ಅಡಗಿದೆ. ಅದನ್ನು ಹೊರತೆಗೆಯುವುದೇ ಪ್ರಸ್ತುತ ಲೇಖನದ ಉದ್ದೇಶ.

2. ವರ್ಣವನ್ನು ಎಣಿಸಿದ ವ್ಯಾಕರಣ

ಪದದ ತುದಿಯನ್ನು ನೋಡಿ ನಿಯಮ ಹೇಳುವ ಪದ್ಧತಿ ಕಂಪ್ಯೂಟರಿನೊಂದಿಗೆ ಬಂದುದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಪ್ರಕರಣವೇ ಮೊದಲನೆಯದು. ಲೋಪ, ಆಗಮ, ಆದೇಶಗಳೆಂಬ ಮೂರು ವ್ಯಾಪಾರಗಳು ಯಾವ ಪರಿಸರದಲ್ಲಿ ನಡೆಯುತ್ತವೆ ಎಂಬುದನ್ನು ವೈಯಾಕರಣನು ಪೂರ್ವವರ್ಣ ಮತ್ತು ಪರವರ್ಣಗಳ ಮೂಲಕ ಹೇಳುತ್ತಾನೆ. ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಹುಕ್ಕೇರಿಯ ‘ಕೇರಿ’ ಹಾಗೂ ಬೆಟಗೇರಿ, ಘೋಡಗೇರಿಗಳ ‘ಗೇರಿ’ ಒಂದೇ ಉತ್ತರಪದದ ಎರಡು ಮುಖಗಳೆಂದು ಗುರುತಿಸಲು ಬೇಕಾದ ಸಾಧನ ಇದೇ. ಪಾಣಿನೀಯ ಸಂಪ್ರದಾಯವು ಪ್ರತ್ಯಾಹಾರಗಳ ಮೂಲಕ, ಸ್ವರಗಳಿಗೆಲ್ಲ ‘ಅಚ್’, ವ್ಯಂಜನಗಳಿಗೆಲ್ಲ ‘ಹಲ್’ ಎಂಬಂತೆ, ವರ್ಣಗಳ ಗುಂಪನ್ನು ಒಂದೇ ಸಂಜ್ಞೆಯಿಂದ ಕರೆಯುವ ಕ್ರಮವನ್ನು ಇನ್ನೂ ಮೊದಲೇ ರೂಢಿಸಿತ್ತು. ರೆಗೆಕ್ಸಿನಲ್ಲಿ ಚೌಕಾವರಣದೊಳಗೆ [ಕಗ] ಎಂದು ಬರೆದು ‘ಕ ಅಥವಾ ಗ’ ಎಂದು ಸೂಚಿಸುವಾಗ ನಾವು ಮಾಡುವುದೂ ಬಹುಮಟ್ಟಿಗೆ ಅದನ್ನೇ.

ನಮ್ಮ ವಿಷಯಕ್ಕೆ ಇಲ್ಲಿ ಮುಖ್ಯವಾದುದು ಘಟಕದ ಪ್ರಶ್ನೆ. ವ್ಯಾಕರಣದಲ್ಲಿ ‘ಕ’ ಎಂಬುದು ಒಂದು ಘಟಕವಲ್ಲ. ಕ್ ಮತ್ತು ಅ ಎಂಬ ಎರಡು ವರ್ಣಗಳ ಕೂಟ. ‘ಮರಡಿ’ಯಲ್ಲಿ ಮ್, ಅ, ರ್, ಅ, ಡ್, ಇ ಎಂಬ ಆರು ವರ್ಣಗಳಿವೆ. ಬರೆಯುವಾಗ ಅಕ್ಷರಗಳು ಮೂರಾದರೂ ಸಂಧಿಸೂತ್ರ ಕೆಲಸ ಮಾಡುವುದು ಆರರ ಮೇಲೆ. ಅಲ್ಲಿ ಅಕಾರಕ್ಕೆ ಇಕಾರದಷ್ಟೇ ಅಸ್ತಿತ್ವವಿದೆ. ಅದು ಲೋಪವಾದರೆ ಇದ್ದುದೊಂದು ಇಲ್ಲವಾಯಿತು ಎಂದೇ ಅರ್ಥ.

3. ಗಣಿತದಿಂದ ಎಡಿಟರಿಗೆ

ರೆಗೆಕ್ಸಿನ ಆಧುನಿಕ ಚರಿತ್ರೆ ನರವಿಜ್ಞಾನದ ಅಂಚಿನಲ್ಲಿ ಆರಂಭವಾಗುತ್ತದೆ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶಗಳ ಜಾಲಕ್ಕೊಂದು ತಾರ್ಕಿಕ ಮಾದರಿಯನ್ನು ರೂಪಿಸಿದರು. ಇಂಥ ಜಾಲವು ಯಾವ ಬಗೆಯ ಘಟನಾಸರಣಿಗಳನ್ನು ಗುರುತಿಸಬಲ್ಲದು ಎಂಬುದನ್ನು 1951ರಲ್ಲಿ ಪರಿಶೀಲಿಸಿದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ, ಅವುಗಳಿಗೆ ‘ರೆಗ್ಯುಲರ್’ ಎಂಬ ವಿಶೇಷಣವನ್ನು ಕೊಟ್ಟನು. ಆ ಬರಹ 1956ರಲ್ಲಿ ಪ್ರಕಟವಾಯಿತು. ಒಂದರ ನಂತರ ಒಂದು ಬರುವುದು, ಇದು ಅಥವಾ ಅದು, ಶೂನ್ಯ ಅಥವಾ ಹೆಚ್ಚು ಬಾರಿಯ ಪುನರಾವರ್ತನೆ ಎಂಬ ಮೂರು ಕ್ರಿಯೆಗಳಿಂದ ಇಡೀ ವರ್ಗವನ್ನು ಕಟ್ಟಬಹುದೆಂಬುದು ಆತನ ನಿರೂಪಣೆ. ಇಂದಿಗೂ ನಕ್ಷತ್ರ ಚಿಹ್ನೆಯನ್ನು ‘ಕ್ಲೀನಿಯ ನಕ್ಷತ್ರ’ ಎಂದು ಕರೆಯುವುದು ವಾಡಿಕೆ.

ಈ ಬೀಜಗಣಿತವನ್ನು ಪಠ್ಯಶೋಧಕ್ಕೆ ತಂದವನು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್. ‘ಕ್ಯೂಇಡಿ’ ಎಂಬ ಎಡಿಟರಿಗೆ ರೆಗೆಕ್ಸ್ ಶೋಧವನ್ನು ಸೇರಿಸಿದ ಆತನು, ಬಳಕೆದಾರ ಬರೆದ ವಿನ್ಯಾಸವನ್ನು ಐಬಿಎಂ 7094 ಯಂತ್ರದ ಆದೇಶಗಳಾಗಿ ಪರಿವರ್ತಿಸುವ ವಿಧಾನವನ್ನು 1968ರ ಲೇಖನದಲ್ಲಿ ವಿವರಿಸಿದನು. ಅನಂತರ ಯೂನಿಕ್ಸಿನ ‘ಇಡಿ’ ಎಡಿಟರಿಗೆ ಇದು ಬಂದಿತು. 1973ರ ಹೊತ್ತಿಗೆ ಶೋಧವನ್ನು ಮಾತ್ರ ಎಡಿಟರಿನಿಂದ ಬೇರ್ಪಡಿಸಿದ ‘ಗ್ರೆಪ್’ ಎಂಬ ಉಪಕರಣ ಸಿದ್ಧವಾಯಿತು. ಇಡೀ ಕಡತದಲ್ಲಿ ರೆಗೆಕ್ಸನ್ನು ಹುಡುಕಿ ಮುದ್ರಿಸು ಎಂಬ ಎಡಿಟರಿನ ಆದೇಶದ ಸಂಕ್ಷೇಪವೇ ಅದರ ಹೆಸರು. ಅದರ ಹುಟ್ಟಿನ ಬಗ್ಗೆ ಬ್ರಯನ್ ಕರ್ನಿಹ್ಯಾನ್ ನೀಡುವ ವಿವರಣೆ ಭಾಷಾಸಂಶೋಧಕರಿಗೆ ಸ್ವಾರಸ್ಯಕರವಾಗಿದೆ. ಸಹೋದ್ಯೋಗಿ ಲೀ ಮೆಕ್‌ಮಹೋನ್ ಅಮೆರಿಕದ ‘ಫೆಡರಲಿಸ್ಟ್’ ಪ್ರಬಂಧಗಳ ಕರ್ತೃತ್ವವನ್ನು ಶೈಲಿಯ ಆಧಾರದಿಂದ ನಿರ್ಣಯಿಸಲು ಹೊರಟಿದ್ದನು. ಆ ಪಠ್ಯ ಎಡಿಟರಿನ ಮಿತಿಯೊಳಗೆ ಹಿಡಿಸುತ್ತಿರಲಿಲ್ಲ. ಹೀಗೆ ಗ್ರೆಪ್ ಹುಟ್ಟಿದ್ದೇ ಪಠ್ಯಾಧ್ಯಯನದ ಅಗತ್ಯದಿಂದ.

ಭಾಷಾಸಿದ್ಧಾಂತವೂ ಇದೇ ಗಣಿತದ ಕಡೆಗೆ ಬೇರೊಂದು ದಾರಿಯಿಂದ ಬಂದಿತು. ಉತ್ಪಾದಕ ಧ್ವನಿಮಾಶಾಸ್ತ್ರದ ಸಂದರ್ಭಾಧೀನ ನಿಯಮಗಳು, ತಮ್ಮದೇ ಫಲಿತದ ಮೇಲೆ ಮತ್ತೆ ಅನ್ವಯವಾಗದಿದ್ದರೆ, ಸೀಮಿತ ಸ್ಥಿತಿಯಂತ್ರಗಳ ಶಕ್ತಿಯೊಳಗೇ ಇರುತ್ತವೆ ಎಂಬುದನ್ನು ಡಗ್ಲಸ್ ಜಾನ್ಸನ್ 1972ರಲ್ಲಿ ತೋರಿಸಿದನು. ಕಪ್ಲನ್ ಮತ್ತು ಕೇ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದು 1994ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಈ ಅರ್ಥದಲ್ಲಿ ಆದೇಶಸಂಧಿಯ ನಿಯಮವನ್ನು ರೆಗೆಕ್ಸಿನ ಭಾಷೆಗೆ ತಿರುಗಿಸಲು ಸಿದ್ಧಾಂತದ ಮಟ್ಟದಲ್ಲಿ ಯಾವ ಅಡ್ಡಿಯೂ ಇಲ್ಲ.

ಕ್ಲೀನಿಯ ಸಿದ್ಧಾಂತಕ್ಕೆ ಬೇಕಾದುದು ಸಂಕೇತಗಳ ಒಂದು ಸೀಮಿತ ಗಣ ಮಾತ್ರ. ಆ ಸಂಕೇತ ವರ್ಣವೇ, ಅಕ್ಷರವೇ, ಗೆರೆಯ ತುಂಡೇ ಎಂಬುದು ಅದಕ್ಕೆ ಅಪ್ರಸ್ತುತ. ಥಾಂಪ್ಸನ್ನನ ಯಂತ್ರಕ್ಕೆ ಇಂಗ್ಲಿಷಿನ ಪಠ್ಯ ದೊರೆತುದರಿಂದ ಸಂಕೇತ, ಅಕ್ಷರ, ಪರದೆಯ ಮೇಲಿನ ಆಕಾರ ಇವು ಮೂರೂ ಒಂದೇ ಆಗಿದ್ದವು. ಅವು ಮೂರೂ ಬೇರೆಬೇರೆಯಾಗಿರುವ ಲಿಪಿಗೆ ಉಪಕರಣ ಬಂದಾಗ ಯಾವುದನ್ನು ಸಂಕೇತವೆಂದು ಹಿಡಿಯಬೇಕೆಂಬ ಆಯ್ಕೆ ಅನಿವಾರ್ಯವಾಯಿತು. ಕನ್ನಡದಲ್ಲಿ ಆ ಆಯ್ಕೆಯನ್ನು ಮಾಡಿದವರು ವೈಯಾಕರಣರಲ್ಲ. ಮೊದಲು ಫಾಂಟು ತಯಾರಕರು, ಅನಂತರ ಮಾನಕ ಸಮಿತಿಗಳು.

4. ಫಾಂಟಿನ ಕಾಲ: ತಲೆಕಟ್ಟು ಒಂದು ಸಂಕೇತ

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ನೆಲೆಗೊಂಡಿತು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಈ ಅವಧಿಯಲ್ಲಿ ಕನ್ನಡದ ಅಪಾರ ಬರಹ ಇಂಥ ಫಾಂಟುಗಳಲ್ಲಿ ಸಂಗ್ರಹವಾಯಿತು. ಅಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳು. ಅವುಗಳಿಗೆ ಕನ್ನಡದ ಆಕಾರಗಳನ್ನು ತೊಡಿಸುವುದು ಫಾಂಟಿನ ಕೆಲಸ. ಯೂನಿಕೋಡಿನಲ್ಲಿ ಬರೆದ ‘ಮರಡಿ’ಯನ್ನು ಇಂಥ ಕಡತದಲ್ಲಿ ಹುಡುಕಿದರೆ ಫಲಿತಾಂಶ ಶೂನ್ಯ.

ಘಟಕದ ದೃಷ್ಟಿಯಿಂದ ಈ ವ್ಯವಸ್ಥೆ ಕುತೂಹಲಕರವಾಗಿದೆ. ನುಡಿಯ ಸಂಕೇತೀಕರಣದಲ್ಲಿ ‘ಕ’ ಎರಡು ಸಂಕೇತಗಳು: ಕಕಾರದ ಒಡಲು ಮತ್ತು ತಲೆಕಟ್ಟು. ‘ಕನ್ನಡ’ ಎಂಬ ಪದ ಕಡತದಲ್ಲಿ ಕಕಾರದ ಒಡಲು, ತಲೆಕಟ್ಟು, ನಕಾರದ ಒಡಲು, ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ತಲೆಕಟ್ಟು ಎಂಬ ಏಳು ಸಂಕೇತಗಳಾಗಿ ನಿಲ್ಲುತ್ತದೆ. ಮೇಲ್ನೋಟಕ್ಕೆ ಇದು ಕೇಶಿರಾಜನ ವರ್ಣವಿಭಾಗವನ್ನೇ ಹೋಲುತ್ತದೆ. ತಲೆಕಟ್ಟು ಅಕಾರದ ಸ್ಥಾನದಲ್ಲಿದೆ. ಆದರೆ ಹೋಲಿಕೆ ಪೂರ್ಣವಲ್ಲ. ‘ಕು’ ಬರೆಯುವಾಗಲೂ ತಲೆಕಟ್ಟು ಉಳಿದು ಅದರ ಮುಂದೆ ಕೊಂಬು ಬರುವುದರಿಂದ ತಲೆಕಟ್ಟನ್ನು ಅಕಾರವೆಂದು ಓದಲಾಗದು. ಅದು ಕಣ್ಣಿಗೆ ಕಾಣುವ ಗೆರೆ, ಅಷ್ಟೆ.

ಸಂಕೇತಗಳ ಕ್ರಮವೂ ಕಣ್ಣಿನದೇ. ‘ಕರ್ನಾಟಕ’ದಲ್ಲಿ ಉಚ್ಚಾರಣೆಯಂತೆ ರಕಾರ ನಕಾರಕ್ಕಿಂತ ಮೊದಲಾದರೂ, ಕಡತದಲ್ಲಿ ಅರ್ಕಾವೊತ್ತು ‘ನಾ’ ಆದ ಮೇಲೆ ಬರುತ್ತದೆ. ಹಾಗೆಯೇ ‘ಮರ್ಡಿ’ ಎಂದು ಬರೆದರೆ ಮ, ಡಿ, ಅರ್ಕಾವೊತ್ತು ಎಂಬ ಅನುಕ್ರಮ ದೊರೆಯುತ್ತದೆ. ‘ಮರಡಿ’, ‘ಮರ್ಡಿ’ಗಳ ನಡುವೆ ಧ್ವನಿಯಲ್ಲಿರುವ ಭೇದ ಒಂದು ಅಕಾರದ್ದು ಮಾತ್ರ. ಸಂಕೇತದಲ್ಲಾದರೋ ರಕಾರವೇ ಸ್ಥಳಾಂತರಗೊಂಡಿದೆ. ಎರಡನ್ನೂ ಒಂದೇ ವಿನ್ಯಾಸದಲ್ಲಿ ಹಿಡಿಯಬೇಕಾದರೆ ಎರಡನ್ನೂ ಪೂರ್ತಿಯಾಗಿ ಬರೆದು ‘ಇದು ಅಥವಾ ಅದು’ ಎನ್ನುವುದಲ್ಲದೆ ಬೇರೆ ದಾರಿಯಿಲ್ಲ.

5. ಯೂನಿಕೋಡ್: ಅಕಾರವೇ ಶೂನ್ಯ

ಭಾರತೀಯ ಲಿಪಿಗಳಿಗೆ ಸಮಾನ ಚೌಕಟ್ಟೊಂದನ್ನು ಒದಗಿಸಿದುದು ‘ಇಸ್ಕಿ’ ಮಾನಕ. ಅದರ 1988ರ ಆವೃತ್ತಿಯನ್ನು ಆಧರಿಸಿ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ದಶಮಾಂಶದ ಲೆಕ್ಕದಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವು. ದೇವನಾಗರಿಯ ವಿಭಾಗ 2304ರಿಂದ ಆರಂಭವಾಗುತ್ತದೆ. ಎರಡರಲ್ಲಿಯೂ ಕಕಾರ ಆರಂಭದಿಂದ 21 ಸ್ಥಾನ ಮುಂದಿದೆ: ಅಲ್ಲಿ 2325, ಇಲ್ಲಿ 3221. ಲಿಪಿಗಳ ನಡುವಿನ ಈ ಸಮಾಂತರತೆಯೇ ವ್ಯವಸ್ಥೆಯ ಮೂಲಾಶಯ.

ಈ ವ್ಯವಸ್ಥೆಯಲ್ಲಿ ವ್ಯಂಜನವು ಅಕಾರಸಹಿತವಾದ ಒಂದೇ ಸಂಕೇತ. ಅಕಾರವಿಲ್ಲ ಎಂದು ಹೇಳಬೇಕಾದಾಗ 3277ನೆಯ ಸ್ಥಾನದ ಹಲಂತ ಚಿಹ್ನೆಯನ್ನು ಸೇರಿಸಬೇಕು. ಅಂದರೆ ‘ಇರುವಿಕೆ’ಗೆ ಗುರುತಿಲ್ಲ, ‘ಇಲ್ಲದಿರುವಿಕೆ’ಗೆ ಗುರುತಿದೆ. ‘ಮರಡಿ’ಯಲ್ಲಿ ಮ, ರ, ಡ ಮತ್ತು ಇಕಾರ ಚಿಹ್ನೆ ಎಂಬ ನಾಲ್ಕು ಸಂಕೇತಗಳು, ಒಂದು ಧ್ವನಿ ಕಡಿಮೆಯಿರುವ ‘ಮರ್ಡಿ’ಯಲ್ಲಿ ಐದು. ವ್ಯಾಕರಣದಲ್ಲಿ ಪೂರ್ಣ ವರ್ಣವಾಗಿದ್ದ, ಫಾಂಟಿನಲ್ಲಿ ಗೆರೆಯಾಗಿದ್ದ ಅಕಾರ ಇಲ್ಲಿ ಶೂನ್ಯವಾಯಿತು.

ಇದರ ಪರಿಣಾಮವನ್ನು ಯಮಕನಮರಡಿಯಲ್ಲಿಯೇ ನೋಡಬಹುದು. ಆಡುಗನ್ನಡದಲ್ಲಿ ಪದಮಧ್ಯದ ಹ್ರಸ್ವಸ್ವರ ಸವೆಯುವುದು ವ್ಯಾಪಕವಾದ ಪ್ರವೃತ್ತಿ. ಮೂಡಲಗಿ ‘ಮೂಡ್ಲಗಿ’ಯಾಗುವಂತೆ ಈ ಊರಿನ ಹೆಸರು ‘ಯಮ್ಕನ್ಮರ್ಡಿ’ ಎಂಬುದರ ಹತ್ತಿರ ಹೋಗುತ್ತದೆ. ವಿಧಾನಸಭಾ ಕ್ಷೇತ್ರದ ಹೆಸರಾಗಿ ಚುನಾವಣಾ ದಾಖಲೆಗಳಲ್ಲಿ ಬಳಕೆಯಾಗುವ ರೋಮನ್ ಬರಹವಂತೂ ‘ಯೆಮ್ಕನ್ಮರ್ಡಿ’ ಎಂದು ಓದಿಸುತ್ತದೆ. ರೋಮನ್ ಪಟ್ಟಿಯನ್ನು ಮರಳಿ ಕನ್ನಡಕ್ಕೆ ತಂದರೆ ಈ ರೂಪಗಳೆಲ್ಲ ಬರಹದಲ್ಲಿ ಕಾಣಿಸಿಕೊಳ್ಳುವ ಸಂಭವವಿದೆ. ಇವೆಲ್ಲವನ್ನೂ ಹಿಡಿಯುವ ವಿನ್ಯಾಸ ಹೀಗಿರುತ್ತದೆ:

ಯೆ?ಮ್?ಕನ್?ಮರ್?ಡಿ

ಪ್ರಶ್ನಾರ್ಥಕ ಚಿಹ್ನೆಗೆ ‘ಹಿಂದಿನ ಘಟಕ ಇರಬಹುದು, ಇಲ್ಲದಿರಬಹುದು’ ಎಂದರ್ಥ. ಕನ್ನಡ ಬಲ್ಲವರು ಅಕ್ಷರದೃಷ್ಟಿಯಿಂದ ಓದಿದರೆ ‘ಮರ್?ಡಿ’ ಎಂಬುದು ‘ಮರ್ಡಿ’ ಮತ್ತು ‘ಮಡಿ’ಗಳನ್ನು ಹಿಡಿಯಬೇಕು ಎನ್ನಿಸುತ್ತದೆ. ಶೋಧಯಂತ್ರ ಹಾಗೆ ಓದುವುದಿಲ್ಲ. ಅದಕ್ಕೆ ಹಿಂದಿನ ಘಟಕವೆಂದರೆ ಹಲಂತ ಚಿಹ್ನೆ ಮಾತ್ರ. ಆದುದರಿಂದ ಅದು ‘ಮರ್ಡಿ’ ಮತ್ತು ‘ಮರಡಿ’ಗಳನ್ನು ಹಿಡಿಯುತ್ತದೆ, ‘ಮಡಿ’ಯನ್ನು ಬಿಡುತ್ತದೆ. ಮೇಲಿನ ವಿನ್ಯಾಸದಲ್ಲಿ ಇಂಥ ನಾಲ್ಕು ಐಚ್ಛಿಕ ಸ್ಥಾನಗಳಿರುವುದರಿಂದ ಒಟ್ಟು 16 ಬರಹರೂಪಗಳು ಅದರೊಳಗೆ ಬರುತ್ತವೆ. ಅಕ್ಷರದ ದೃಷ್ಟಿಯಿಂದ ತಪ್ಪೆನಿಸುವ ಯಂತ್ರದ ಓದು ಇಲ್ಲಿ ಧ್ವನಿಮಾಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಉಚಿತವಾಗಿದೆ. ಏಕೆಂದರೆ ಐಚ್ಛಿಕ ಹಲಂತವೆಂದರೆ ಐಚ್ಛಿಕ ಅಕಾರಲೋಪವೇ.

ಆದರೆ ಈ ಸೌಲಭ್ಯ ಅಕಾರಕ್ಕೆ ಮಾತ್ರ ಮೀಸಲು. ‘ಹುಣಿಸೆ’, ‘ಹುಣಸೆ’, ‘ಹುಣ್ಸೆ’ ಎಂಬ ಮೂರು ರೂಪಗಳನ್ನು ಗಮನಿಸಬಹುದು. ‘ಹುಣಸೆ’ ‘ಹುಣ್ಸೆ’ಯಾಗುವಾಗ ಸಂಕೇತವೊಂದು ಸೇರುತ್ತದೆ. ‘ಹುಣಿಸೆ’ ‘ಹುಣ್ಸೆ’ಯಾಗುವಾಗ ಇಕಾರ ಚಿಹ್ನೆಯ ಜಾಗಕ್ಕೆ ಹಲಂತ ಬರುತ್ತದೆ. ಸ್ವರಲೋಪವೆಂಬ ಒಂದೇ ಪ್ರಕ್ರಿಯೆಯು ಅಕಾರದಲ್ಲಿ ಆಗಮವಾಗಿಯೂ ಇಕಾರದಲ್ಲಿ ಆದೇಶವಾಗಿಯೂ ಕಾಣುತ್ತದೆ. ಲೋಪವಾಗಿ ಎಲ್ಲಿಯೂ ಕಾಣುವುದಿಲ್ಲ.

ಹಕಾರಲೋಪದ ಹೆಸರುಗಳಲ್ಲಿ ತೊಡಕು ಇನ್ನೂ ಸ್ಪಷ್ಟ. ವಡೇರಹಟ್ಟಿಯ ‘ಹಟ್ಟಿ’ ತುಕ್ಕಾನಟ್ಟಿಯಲ್ಲಿ ‘ಅಟ್ಟಿ’ಯಾಗಿದೆ. ಹಕಾರದ ವ್ಯಂಜನಾಂಶ ಹೋಗಿ ಅದರ ಅಕಾರ ಹಿಂದಿನ ನಕಾರದಲ್ಲಿ ಲೀನವಾಗಿದೆ. ಹಟ್ಟಿ$ ಎಂದರೆ ತುಕ್ಕಾನಟ್ಟಿ ತಪ್ಪುತ್ತದೆ. ಹ?ಟ್ಟಿ$ ಎಂದರೆ ‘ಟ್ಟಿ’ಯಿಂದ ಮುಗಿಯುವ ಎಲ್ಲವೂ, ‘ರೊಟ್ಟಿ’ಯೂ ಸೇರಿ, ಒಳಗೆ ಬರುತ್ತವೆ. ಬೇಕಾದ ಅಕಾರವನ್ನು ಕೇಳೋಣವೆಂದರೆ ಅದಕ್ಕೆ ಸಂಕೇತವೇ ಇಲ್ಲ. ‘ವ್ಯಂಜನದ ಬೆನ್ನಿಗೇ ಟ್ಟಿ ಬರಲಿ’ ಎಂಬ ಬಳಸುದಾರಿಯಿಂದ, [ಕ-ಹ]ಟ್ಟಿ$ ಎಂದು ಬರೆದರೆ ‘ರೊಟ್ಟಿ’ ದೂರವಾಗುತ್ತದೆ; ಉದಗಟ್ಟಿ, ಯರಗಟ್ಟಿಗಳು ಉಳಿಯುತ್ತವೆ. ಅವುಗಳನ್ನು ಬೇರ್ಪಡಿಸುವುದು ರೆಗೆಕ್ಸಿನ ಕೆಲಸವಲ್ಲ, ವ್ಯುತ್ಪತ್ತಿಯದು.

ಈ [ಕ-ಹ] ಎಂಬ ವ್ಯಾಪ್ತಿಯಲ್ಲಿಯೂ ಒಂದು ಬಲೆಯಿದೆ. ಅದು 3221ರಿಂದ 3257ರವರೆಗಿನ ಸ್ಥಾನಗಳನ್ನು ಒಳಗೊಳ್ಳುತ್ತದೆ. ಶಕಟರೇಫ (ಱ) ಅದರೊಳಗಿದೆ. ಹಳಗನ್ನಡದ ೞಕಾರ ಮಾತ್ರ 3294ರಲ್ಲಿ, ವ್ಯಾಪ್ತಿಯ ಹೊರಗೆ. ಯೂನಿಕೋಡಿನಲ್ಲಿ ಅದಕ್ಕೆ ‘ಫ’ಕಾರವೆಂಬ ಅರ್ಥ ಬರುವ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸದಿರುವುದು ಆ ಮಾನಕದ ನಿಯಮವಾದುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸುಧಾರಿಸಲಾಗಿದೆ. ಶಾಸನಪಠ್ಯಗಳಲ್ಲಿ ‘ಎಲ್ಲ ವ್ಯಂಜನಗಳು’ ಎಂದು ಭಾವಿಸಿ ಈ ವ್ಯಾಪ್ತಿಯನ್ನು ಬಳಸಿದವರು ೞಕಾರವಿರುವ ರೂಪಗಳನ್ನೆಲ್ಲ ಮೌನವಾಗಿ ಕಳೆದುಕೊಳ್ಳುತ್ತಾರೆ.

6. ಪದದ ಗಡಿ

ಎಡಿಟರುಗಳಲ್ಲಿ ‘ಪೂರ್ಣಪದ’ವನ್ನು ಮಾತ್ರ ಹುಡುಕುವ ಸೌಲಭ್ಯವಿರುತ್ತದೆ. ರೆಗೆಕ್ಸಿನಲ್ಲಿ ಅದಕ್ಕೆ ಪದಗಡಿಯ ಸಂಕೇತವಿದೆ. ಪದಾಕ್ಷರ ಮತ್ತು ಪದಾಕ್ಷರವಲ್ಲದ ಸಂಕೇತಗಳು ಎದುರಾಗುವ ಜಾಗವೇ ಗಡಿ ಎಂಬುದು ಅದರ ನಿರ್ವಚನ. ಹಾಗಾದರೆ ಗುಣಿತದ ಚಿಹ್ನೆ ಪದಾಕ್ಷರವೇ? ಇದಕ್ಕೆ ಒಂದೇ ಉತ್ತರವಿಲ್ಲ. ಜಾವಾಸ್ಕ್ರಿಪ್ಟಿನ ನಿರ್ವಚನದಲ್ಲಿ ರೋಮನ್ ಅಕ್ಷರ, ಅಂಕಿ, ಅಡಿಗೆರೆಗಳನ್ನು ಬಿಟ್ಟರೆ ಬೇರಾವುದೂ ಪದಾಕ್ಷರವಲ್ಲ. ಅಲ್ಲಿ ಕನ್ನಡಕ್ಕೆ ಪದವೇ ಇಲ್ಲ. ಯೂನಿಕೋಡಿನ ರೆಗೆಕ್ಸ್ ಮಾರ್ಗಸೂಚಿಯನ್ನು ಅನುಸರಿಸುವ ರಸ್ಟ್ ಭಾಷೆಯ ಗ್ರಂಥಾಲಯದಲ್ಲಿ ಚಿಹ್ನೆಗಳೂ ಪದಾಕ್ಷರಗಳೇ. ಪೈಥಾನಿನ ಮೂಲ ಗ್ರಂಥಾಲಯದಲ್ಲಿ ವ್ಯಂಜನ ಮತ್ತು ಸ್ವತಂತ್ರ ಸ್ವರಗಳು ಪದಾಕ್ಷರಗಳು. ಗುಣಿತಚಿಹ್ನೆ, ಹಲಂತಗಳು ಅಲ್ಲ. ಯಾವ ಎಡಿಟರು ಯಾವ ಗ್ರಂಥಾಲಯದ ಮೇಲೆ ನಿಂತಿದೆಯೋ ಅದರ ನಿರ್ವಚನವನ್ನು ತನ್ನದಾಗಿಸಿಕೊಳ್ಳುತ್ತದೆ.

ಪೈಥಾನಿನ ಸ್ಥಿತಿಯನ್ನು ಹಂತಹಂತವಾಗಿ ನೋಡುವುದು ಉಪಯುಕ್ತ. ‘ಮರಡಿ’ ಎಂದು ಬರೆದು ಎರಡೂ ಬದಿಗೆ ಪದಗಡಿಯನ್ನಿಟ್ಟರೆ, ತೆರಪಿನ ಮುಂಚೆ ನಿಂತ ಬಿಡಿಪದ ‘ಮರಡಿ’ ಸಿಗುವುದಿಲ್ಲ. ಕೊನೆಯ ಇಕಾರ ಚಿಹ್ನೆ ಪದಾಕ್ಷರವಲ್ಲ, ಅದರ ಮುಂದಿನ ತೆರಪೂ ಅಲ್ಲ. ಆದುದರಿಂದ ಅಲ್ಲಿ ಗಡಿಯಿಲ್ಲ. ‘ಮರಡಿಯ’ ಎಂಬಲ್ಲಿ ಇಕಾರ ಚಿಹ್ನೆಯ ಮುಂದೆ ಯಕಾರವೆಂಬ ಪದಾಕ್ಷರ ಇರುವುದರಿಂದ ಗಡಿ ಹುಟ್ಟುತ್ತದೆ. ಪೂರ್ಣಪದವನ್ನು ಕೇಳಿದವನಿಗೆ ಪೂರ್ಣಪದ ತಪ್ಪಿ ವಿಭಕ್ತ್ಯಂತ ರೂಪ ದೊರೆಯುತ್ತದೆ. ಪದಗಳನ್ನೆಲ್ಲ ಬಿಡಿಸಿ ಎಣಿಸಲು ಹೊರಟರೆ ಯಮಕನಮರಡಿ ‘ಯಮಕನಮರಡ’ವಾಗುತ್ತದೆ, ಗೋಕಾಕವು ಗ, ಕ, ಕ ಎಂಬ ಮೂರು ‘ಪದ’ಗಳಾಗಿ ಒಡೆಯುತ್ತದೆ.

ಯಾದವಾಡದ ‘ವಾಡ’ವನ್ನು ಹುಡುಕಲು ಕೊನೆಗೆ ಪದಗಡಿಯನ್ನಿಟ್ಟಾಗ ಯಾದವಾಡ ಸರಿಯಾಗಿಯೇ ಸಿಗುತ್ತದೆ, ಜೊತೆಗೆ ಬೆಲ್ಲದ ಬಾಗೇವಾಡಿಯೂ ಸಿಗುತ್ತದೆ. ‘ವಾಡಿ’ಯ ಡಕಾರ ಮತ್ತು ಇಕಾರ ಚಿಹ್ನೆಯ ನಡುವೆ ಯಂತ್ರ ಗಡಿಯನ್ನು ಕಂಡಿದೆ. ಎರಡು ಬೇರೆ ಅಂತ್ಯಗಳು ಒಂದೇ ಎಣಿಕೆಯಲ್ಲಿ ಬೆರೆತುಹೋಗುತ್ತವೆ.

7. ಕಾಣದ ಭೇದಗಳು

ಮೇಲಿನ ತೊಡಕುಗಳು ವಿನ್ಯಾಸವನ್ನು ಬರೆಯುವವರ ಅರಿವಿಗೆ ಬರಬಲ್ಲವು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಸಂಕೇತಸರಣಿಗಳ ಭೇದ ಮಾತ್ರ ಕಡತವನ್ನು ಬಿಡಿಸಿ ನೋಡದ ಹೊರತು ತಿಳಿಯುವುದಿಲ್ಲ. ‘ಮೊರಡಿ’ಯ ಒಕಾರ ಚಿಹ್ನೆಯನ್ನು 3274 ಎಂಬ ಒಂದೇ ಸಂಕೇತವಾಗಿಯೂ, 3270 ಮತ್ತು 3266 ಎಂಬ ಎಕಾರ ಹಾಗೂ ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಲು ಬರುತ್ತದೆ. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಘೋಷಿಸಿದೆ. ಸಾಮಾನ್ಯ ಶೋಧಯಂತ್ರ ಆ ಸಮಾನತೆಯನ್ನು ತಾನಾಗಿ ಪಾಲಿಸುವುದಿಲ್ಲ. ಮೊ?ರ್?ಡಿ ಎಂಬ ವಿನ್ಯಾಸದಲ್ಲಿ ಒಕಾರ ಒಂದೇ ಸಂಕೇತವಾಗಿದ್ದರೆ ‘ಮರಡಿ’, ‘ಮೊರಡಿ’ ಎರಡೂ ಸಿಗುತ್ತವೆ. ಜೋಡಿಯಾಗಿದ್ದರೆ ಪ್ರಶ್ನಾರ್ಥಕವು ಊಕಾರಕ್ಕೆ ಮಾತ್ರ ಅನ್ವಯಿಸಿ, ಎಕಾರ ಕಡ್ಡಾಯವಾಗಿ, ‘ಮರಡಿ’ ತಪ್ಪಿಹೋಗುತ್ತದೆ. ಫಾಂಟಿನಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕವು ಗೆರೆಯ ತುಂಡುಗಳನ್ನು ಬೆಸೆಯದೆ ಬಿಟ್ಟರೆ ಇಂಥ ಜೋಡಿಗಳು ಉಳಿಯುತ್ತವೆ. ಏತ್ವ, ಐತ್ವ, ಓತ್ವ ಹಾಗೂ ಗುಡಿಸಿನ ದೀರ್ಘಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಗಲವೇ ಇಲ್ಲದ ಎರಡು ಸಂಕೇತಗಳು ಇನ್ನೊಂದು ಮೂಲ. ‘ಯಮಕನ್ಮರಡಿ’ ಎಂದು ಒತ್ತಕ್ಷರವಾಗದಂತೆ ತಡೆದು ‘ಯಮಕನ್‌ಮರಡಿ’ ಎಂದು ಬರೆಯಲು ಹಲಂತದ ಬಳಿಕ 8204ನೆಯ ಸಂಕೇತವನ್ನು ಇಡುತ್ತೇವೆ. ಅರ್ಕಾವೊತ್ತಿನ ಬದಲು ಪೂರ್ಣ ರಕಾರಕ್ಕೆ ಒತ್ತು ಕೊಟ್ಟು ‘ಮರ‍್ಡಿ’ ಎಂದು ಬರೆಯಲು ರಕಾರ, ಹಲಂತಗಳ ನಡುವೆ 8205 ಬರುತ್ತದೆ. ಐದನೆಯ ಭಾಗದ ವಿನ್ಯಾಸ ಈ ಎರಡೂ ರೂಪಗಳನ್ನು ಹಿಡಿಯುವುದಿಲ್ಲ.

ಇಡೀ ಅಕ್ಷರವನ್ನು ಒಂದು ಘಟಕವಾಗಿ ಎಣಿಸುವ ಪ್ರಯತ್ನವೂ ನಡೆದಿದೆ. ಬಳಕೆದಾರ ಒಂದೆಂದು ಭಾವಿಸುವ ಸಂಕೇತಗುಚ್ಛವನ್ನು ಯೂನಿಕೋಡ್ ನಿರ್ವಚಿಸಿದೆ. ಅದರಂತೆ ‘ಡಿ’ ಒಂದು ಗುಚ್ಛ. ‘ಕ್ಕೇ’ ಮಾತ್ರ ಬಹುಕಾಲ ‘ಕ್’ ಮತ್ತು ‘ಕೇ’ ಎಂದು ಎರಡಾಗಿಯೇ ಇತ್ತು. 2023ರ 15.1ನೆಯ ಆವೃತ್ತಿ ಒತ್ತಕ್ಷರಗಳನ್ನು ಒಂದೇ ಗುಚ್ಛವಾಗಿ ಹಿಡಿಯುವ ನಿಯಮವನ್ನು ತಂದಿತು. ಅದರಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಸೇರಿದವು, ಕನ್ನಡ ಸೇರಲಿಲ್ಲ. ತೆಲುಗಿನ ‘ಕ್ಕೇ’ ಒಂದು, ಕನ್ನಡದ ‘ಕ್ಕೇ’ ಎರಡು ಎಂಬ ಸ್ಥಿತಿಯನ್ನು ಲಿಪಿಶಾಸ್ತ್ರದ ಯಾವ ಆಧಾರದಿಂದಲೂ ಸಮರ್ಥಿಸುವುದು ಕಷ್ಟ.

8. ‘ಇಲ್ಲ’ ಎನ್ನುವುದರ ಹೊಣೆ

ಸ್ಥಳನಾಮಗಳ ಎಣಿಕೆ ಬೆಳಗಾವಿಯಂಥ ಗಡಿಸೀಮೆಯಲ್ಲಿ ಎಂದೂ ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’, ‘ಎಡೆಗಳು ಹೇಳುವ ಕಂನಾಡ ಕಥೆ’ ಮೊದಲಾದ ಕೃತಿಗಳಲ್ಲಿ ಊರ ಹೆಸರುಗಳನ್ನೇ ಸಾಕ್ಷಿಯಾಗಿಟ್ಟು, ಇಂದಿನ ಮಹಾರಾಷ್ಟ್ರದೊಳಗೂ ಕನ್ನಡದ ಹಳೆಯ ನೆಲೆಗಳಿದ್ದವೆಂದು ವಾದಿಸಿದರು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಗಡಿಯ ತಕರಾರು ಮುಂದುವರಿದು, 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ನೀಡಿದ ಮೇಲೂ ಶಮನವಾಗಲಿಲ್ಲ. ಇಂಥ ಕಡೆ ‘ಈ ಅಂತ್ಯದ ಹೆಸರುಗಳು ಇಲ್ಲಿ ಇಷ್ಟು, ಅಲ್ಲಿ ಇಲ್ಲವೇ ಇಲ್ಲ’ ಎಂಬ ಕೋಷ್ಟಕವು ಲೇಖಕನ ಕೈಯಿಂದ ಜಾರಿ ಬೇರೆ ವಾದಗಳ ಸಾಮಗ್ರಿಯಾಗುತ್ತದೆ. ‘ವಾಡ’, ‘ವಾಡಿ’ಗಳನ್ನು ಯಾವ ಭಾಷೆಯ ಲೆಕ್ಕಕ್ಕೆ ಹಾಕಬೇಕೆಂಬುದು ಚರ್ಚಾಸ್ಪದ. ಚರ್ಚೆ ಯಾವ ಕಡೆಗೆ ವಾಲಿದರೂ ಮೊದಲು ಎರಡನ್ನೂ ಬೇರೆ ಬೇರೆ ಎಣಿಸಿರಬೇಕು. ಆರನೆಯ ಭಾಗದಲ್ಲಿ ಕಂಡಂತೆ ಆ ಭೇದವನ್ನೇ ಅಳಿಸಿಬಿಡಬಲ್ಲ ಶೋಧಯಂತ್ರಗಳು ನಮ್ಮ ಬಳಕೆಯಲ್ಲಿವೆ.

ಹಿಂದಿನ ತಲೆಮಾರಿನ ಸಂಶೋಧಕರು ಪಟ್ಟಿಯನ್ನು ಕಣ್ಣಿನಿಂದ ಓದಿ ಚೀಟಿಗಳಲ್ಲಿ ಬರೆದುಕೊಂಡರು. ಅವರ ಓದಿನಲ್ಲೂ ತಪ್ಪುಗಳು ಆಗಿರಬಹುದು. ಆದರೆ ಆ ತಪ್ಪುಗಳು ಚೆದುರಿದವು; ಅವುಗಳಿಗೆ ಒಂದು ದಿಕ್ಕು ಇರಲಿಲ್ಲ. ರೆಗೆಕ್ಸಿನ ತಪ್ಪು ವ್ಯವಸ್ಥಿತವಾದುದು. ಅದು ಇಕಾರಾಂತಗಳನ್ನೆಲ್ಲ ಬಿಡುತ್ತದೆ, ಅಥವಾ ೞಕಾರವಿರುವುದನ್ನೆಲ್ಲ ಬಿಡುತ್ತದೆ, ಅಥವಾ ಒಂದು ಪರಿವರ್ತಕದಿಂದ ಬಂದ ತಾಲೂಕಿನ ಪಟ್ಟಿಯನ್ನೇ ಬಿಡುತ್ತದೆ. ವ್ಯವಸ್ಥಿತವಾದ ತಪ್ಪು ನಕಾಶೆಯ ಮೇಲೆ ಉಪಭಾಷೆಯ ಗೆರೆಯಂತೆಯೇ ಕಾಣುತ್ತದೆ.

ಆದುದರಿಂದ ಕನ್ನಡ ಪಠ್ಯಶೋಧವನ್ನು ಆಧರಿಸಿದ ಲೇಖನಗಳಲ್ಲಿ ನಾಲ್ಕು ವಿಷಯಗಳನ್ನು ನಮೂದಿಸುವುದು ರೂಢಿಯಾಗಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು, ಪಠ್ಯ ಮೂಲತಃ ಯೂನಿಕೋಡಿನದೋ, ಫಾಂಟಿನಿಂದ ಪರಿವರ್ತಿತವೋ ಎಂಬುದು. ಎರಡನೆಯದು, ಸಮಾನ ಸರಣಿಗಳನ್ನು ಏಕರೂಪಕ್ಕೆ ತಂದ ಮತ್ತು ಅಗಲವಿಲ್ಲದ ಸಂಕೇತಗಳನ್ನು ನಿಭಾಯಿಸಿದ ಬಗೆ. ಮೂರನೆಯದು, ಬಳಸಿದ ವಿನ್ಯಾಸದ ಪೂರ್ಣಪಾಠ ಹಾಗೂ ಶೋಧಯಂತ್ರದ ಹೆಸರು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ‘ಇಲ್ಲ’ ಎಂದು ಹೇಳುವ ಮೊದಲು, ಇದೆಯೆಂದು ಖಚಿತವಾಗಿ ತಿಳಿದ ರೂಪಗಳ ಸಣ್ಣ ಪಟ್ಟಿಯೊಂದನ್ನು ಅದೇ ಕಡತಕ್ಕೆ ಸೇರಿಸಿ, ಅದೇ ವಿನ್ಯಾಸ ಅವುಗಳನ್ನು ಹಿಡಿಯುತ್ತದೆಯೇ ಎಂದು ಪರೀಕ್ಷಿಸುವುದು. ಯಮಕನಮರಡಿ, ಯಮಕನ್ಮರಡಿ, ಯಮಕನ್‌ಮರಡಿ, ಯಮ್ಕನ್ಮರ್ಡಿ, ಮರ‍್ಡಿ, ಒಕಾರದ ಎರಡು ಬಗೆಯ ‘ಮೊರಡಿ’: ಇಷ್ಟಿದ್ದರೂ ಸಾಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಆ ವಿನ್ಯಾಸ ಕೊಟ್ಟ ಶೂನ್ಯ ಭಾಷೆಯದಲ್ಲ, ಬರಹದ್ದು.

ಕೇಶಿರಾಜನಿಗೆ ಅಕಾರ ಎಣಿಸಬೇಕಾದ ವರ್ಣವಾಗಿತ್ತು. ಇಂದಿನ ಕಡತಗಳಲ್ಲಿ ಅದಕ್ಕೆ ಗುರುತಿಲ್ಲ. ಗುರುತಿಲ್ಲದುದನ್ನು ಯಂತ್ರ ಹುಡುಕಿಕೊಡಲಾರದು. ಅದು ಅಲ್ಲಿದೆ ಎಂದು ತಿಳಿದು ವಿನ್ಯಾಸವನ್ನು ರಚಿಸುವ ಹೊಣೆ ಸಂಶೋಧಕರದೇ ಆಗಿ ಉಳಿಯುತ್ತದೆ.